ಗೋಡೆಯವರ ಹಲ್ಲು

ಹಲ್ಲುನೋವು ನಿಂತುಹೋಗಿದೆ, ಬೇಗ ಏನಾದರೂ ಮಾಡು ಎಂದು ಇಂದುಮತಿ ಟೀಚರ್ ನನ್ನ ಕ್ಲಿನಿಕ್ಕಿಗೆ ಓಡಿ ಬಂದಾಗ ನಾನು ಇಡ್ಲಿ ತಿನ್ನುತ್ತಿದ್ದೆ. ಬೇರೆ ಊರಿನ ದಂತವೈದ್ಯನಾಗಿದ್ದರೆ ಬಹಳ ಸಂತೋಷ ಟೀಚರ್ ಎಂದು ಇನ್ನೊಂದು ಇಡ್ಲಿ ಮುರಿಯುತ್ತಿದ್ದನೋ ಏನೋ. ನಾನು ಕೈ ಕೂಡ ತೊಳೆಯದೆ ಎದ್ದು ನಿಂತೆ.

ನಮ್ಮೂರಿನಲ್ಲಿ ಒಂಟಿ ಮನೆಗಳಿಲ್ಲ. ಎಲ್ಲವೂ ಜೋಡಿಮನೆಗಳು, ಎರಡೆರಡು ಮನೆಗೆ ಒಂದೊಂದು ನಡುಗೋಡೆ. ಆ ಗೋಡೆಯ ಆಚೆ ಇರುವವರನ್ನು ನಾವು ಗೋಡೆಯವರು ಅನ್ನುತ್ತೇವೆ. ನಮ್ಮ ಹಲ್ಲು ಹುಳುಕಾದರೆ ನೋವು ಗೋಡೆಯವರಿಗೆ, ಅವರ ಹಲ್ಲು ಹುಳುಕಾದರೆ ನೋವು ನಮಗೆ. ಮೊದಲಿನಿಂದಲೂ ಹೀಗೆಯೇ. ಆದ್ದರಿಂದ ಇಲ್ಲಿ ಯಾರೂ ತಮ್ಮ ಮಕ್ಕಳಿಗೆ ಹಲ್ಲುಜ್ಜಿಸುವುದಿಲ್ಲ. ಬೆಳಗಾದರೆ ತಾಯಂದಿರು ಬ್ರಷ್ಷು ಹಿಡಿದು ಗೋಡೆಯವರ ಮನೆಗೆ ಹೋಗಿ, ಅವರ ಮಕ್ಕಳನ್ನು ಹಿತ್ತಿಲಿಗೆ ಎಳೆದುಕೊಂಡು ಬಂದು ಕೊರಳವರೆಗೆ ನೊರೆ ಇಳಿಯುವ ಹಾಗೆ ಉಜ್ಜುತ್ತಾರೆ. ಗಂಡಿನ ಮನೆ ನೋಡಲು ಹೋದವರು ಗಂಡನ್ನು ಒಮ್ಮೆ ನೋಡಿ ತಲೆಯಾಡಿಸಿ, ನೇರ ಪಕ್ಕದ ಮನೆಗೆ ಹೋಗಿ ಎಲ್ಲರ ಬಾಯಿ ತೆರೆಸುತ್ತಾರೆ. ಮನೆ ಬಾಡಿಗೆಗಿದ್ದರೆ ‘ನೀರಿದೆ, ಕರೆಂಟಿದೆ, ಗೋಡೆಯವರಿಗೆ ಹಲ್ಲಿಲ್ಲ’ ಎಂದು ಬೋರ್ಡು ತೂಗುಹಾಕುತ್ತಾರೆ. ಬೊಚ್ಚುಬಾಯಿಯ ಮುದುಕರ ಪಕ್ಕದ ಮನೆಗಳಿಗೆ ನಮ್ಮಲ್ಲಿ ಬಾಡಿಗೆ ಜಾಸ್ತಿ.

ಊರಾಚೆ ರೈಲ್ವೆ ಗೇಟು ದಾಟಿದರೆ ಮಾತ್ರ ಅವರವರ ನೋವು ಅವರವರಿಗೆ. ಇದನ್ನು ನಾನು ಮರೆತದ್ದು ಡೆಂಟಲ್ ಕಾಲೇಜಿನಲ್ಲಿ. ನನ್ನ ಮೊದಲ ರೋಗಿ ಕೆನ್ನೆ ಹಿಡಿದು ಬಂದ, ಜೊತೆಗೆ ಅವನ ಭಾವಮೈದ ಛತ್ರಿ ಹಿಡಿದು ಬಂದಿದ್ದ. ಅಭ್ಯಾಸಬಲದಿಂದ ನಾನು ಇಂಜೆಕ್ಷನ್ನನ್ನು ಭಾವಮೈದನಿಗೆ ಕೊಟ್ಟೆ. ಅವನು ಒಳ್ಳೆಯವನು, ಛತ್ರಿ ಕೆಳಗಿಟ್ಟು ಬಾಯಿ ತೆರೆದ. ಕೂಗು ಕೇಳಿ ಪ್ರೊಫೆಸರು ಬಂದದ್ದು ನಾನು ರೋಗಿಯ ಹಲ್ಲಿಗೆ ಇಕ್ಕಳ ಹಾಕಿದ ಮೇಲೆ. ಪದವಿ ಸಿಕ್ಕ ಕೂಡಲೇ ಊರಿಗೆ ವಾಪಸ್ ಬಂದುಬಿಟ್ಟೆ.

ನನ್ನ ಕ್ಲಿನಿಕ್ಕಿನಲ್ಲಿ ಅಕ್ಕಪಕ್ಕ ಎರಡು ಕುರ್ಚಿಗಳಿವೆ. ಒಂದು ಹಲ್ಲಿನ ಕುರ್ಚಿ, ಇನ್ನೊಂದು ನೋವಿನ ಕುರ್ಚಿ. ಹಲ್ಲಿನವರಿಗೆ ಬೇಸರವಾಗದಿರಲಿ ಎಂದು ಸಿಸ್ಟರ್ ಎಸ್ತೇರಮ್ಮ ಪೇಪರು ಕೊಡುತ್ತಾರೆ. ಇಂಜೆಕ್ಷನ್ನು ನೋವಿನವರಿಗೆ. ನಾನು ಕೀಳುವಾಗ ಹಲ್ಲಿನವರು ಬಾಯಿ ತೆರೆದುಕೊಂಡೇ ಸಿನಿಮಾ ಪುಟ ನೋಡುತ್ತಿರುತ್ತಾರೆ, ನೋವಾದರೆ ಪಕ್ಕದವರು ಕೈ ಎತ್ತುತ್ತಾರೆ.

ಆದರೆ ಹಲ್ಲಿನವರನ್ನು ಕುರ್ಚಿಗೆ ತರುವುದು ಸುಲಭವಲ್ಲ. ನೋವೇ ಇಲ್ಲದವನು ಯಾಕೆ ಬಂದು ಹಲ್ಲು ಕೀಳಿಸಿಕೊಳ್ಳುತ್ತಾನೆ? ಹಿಂದೆ ನೋವಿನವರು ಸಿಟ್ಟು ತಡೆಯಲಾರದೆ ಇಕ್ಕಳ ಹಿಡಿದು ಗೋಡೆಯವರ ಮನೆಗೆ ನುಗ್ಗುತ್ತಿದ್ದರಂತೆ. ಆಮೇಲೆ ಹಿರಿಯರು ಲೋಟದ ಪದ್ಧತಿ ಮಾಡಿದರು. ನೋವು ಬಂದವರು ಹಿತ್ತಾಳೆ ಲೋಟದ ತುಂಬ ಉಪ್ಪುನೀರು ಹಿಡಿದುಕೊಂಡು ಹೋಗಿ ಗೋಡೆಯವರ ಹೊಸ್ತಿಲ ಮೇಲಿಡಬೇಕು. ಮಾತಿನ ಅಗತ್ಯವಿಲ್ಲ. ಲೋಟ ಕಂಡವರು ಚಪ್ಪಲಿ ಮೆಟ್ಟಿಕೊಂಡು ಬರಲೇಬೇಕು. ಲೋಟ ಮಾತ್ರ ಅಂಚಿನವರೆಗೆ ತುಂಬಿರಬೇಕು. ಬೆರಳಷ್ಟು ಕಮ್ಮಿಯಿದ್ದರೂ ‘ತುಂಬಿಸ್ಕೊಂಡು ಬನ್ನಿ’ ಎಂದು ಅವರು ಬಾಗಿಲು ಹಾಕಿಕೊಳ್ಳಬಹುದು. ಸಿಟ್ಟಿನಲ್ಲಿ ಹೋದವನ ಕೈ ನಡುಗಿ ನೀರು ಚೆಲ್ಲುತ್ತದೆ, ಮತ್ತೆ ತುಂಬಿಕೊಂಡು ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ ಎಂಬುದು ಅವರ ಆಲೋಚನೆ ಇದ್ದಿರಬೇಕು. ಲೋಟ ಹೋಗದ ಬಾಯಿಗೆ ಕೈ ಹಾಕುವ ಹಾಗಿಲ್ಲ. ನಾನು ಎಷ್ಟು ಓದಿದ್ದರೂ ಅಷ್ಟೇ.

ಇಂದುಮತಿ ಟೀಚರ್ ನನಗೆ ಲೆಕ್ಕ ಕಲಿಸಿದವರು. ಈಗ ನಿವೃತ್ತರು, ಒಬ್ಬರೇ ಇರುತ್ತಾರೆ. ಅವರ ಗೋಡೆಯವನು ಮಿಠಾಯಿ ಓಂಕಾರಪ್ಪ, ಅವನೂ ಒಬ್ಬನೇ. ಮನೆಯ ಮುಂಭಾಗ ಅಂಗಡಿ, ಹಿಂಭಾಗ ಒಲೆ. ಅವನ ಕಡಲೆಮಿಠಾಯಿಗೆ ಗೇಟಿನಾಚೆಯಿಂದಲೂ ಜನ ಬರುತ್ತಾರೆ. ಪಾಕದ ಹದವನ್ನು ಬೇರೆಯವರು ನೀರಿಗೆ ಬಿಟ್ಟು ನೋಡುತ್ತಾರೆ, ಓಂಕಾರಪ್ಪ ಹಲ್ಲಿಗೆ ಕೊಟ್ಟು ನೋಡುತ್ತಾನೆ. ತಟ್ಟೆಯಿಂದ ಒಂದು ಚೂರು ಮುರಿದು ಬಲಗಡೆಯ ದವಡೆಗೆ ಇಟ್ಟು ಕಡಿಯುತ್ತಾನೆ. ಟಕ್ ಎಂದರೆ ಹದ ಬಂದಿದೆ, ಟಪ್ ಎಂದರೆ ಇನ್ನೊಂದು ಕುದಿ ಬೇಕು.

ಟೀಚರ್ ಕೆಲಸದಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿಕೊಂಡು ನಮಗೆ ದಿನಾ ಹೇಳುತ್ತಿದ್ದರು: “ಓಂಕಾರಪ್ಪನ ಮಿಠಾಯಿ ತಿಂದು ಗೋಡೆಯವರನ್ನ ಗೋಳಾಡಿಸಬೇಡಿ.” ಅದಕ್ಕೆ ಅವನು ಅಂಗಡಿಯ ಮುಂದೆ ‘ಲೆಕ್ಕದ ಟೀಚರಿಗೆ ಇಲ್ಲಿ ಮಿಠಾಯಿ ಮಾರುವುದಿಲ್ಲ’ ಎಂದು ಬೋರ್ಡು ಹಾಕಿದ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಟೀಚರ್ ಇಡೀ ಶಾಲೆಯ ಎದುರು, ನಾನು ಸತ್ತರೂ ಆ ಮನುಷ್ಯನ ಕಟ್ಟೆ ಹತ್ತುವುದಿಲ್ಲ ಎಂದು ಹೇಳಿ, ಏನೂ ಆಗದವರ ಹಾಗೆ ಭಿನ್ನರಾಶಿ ಶುರುಮಾಡಿದರು. ಅಲ್ಲಿಂದ ಮಾತಿಲ್ಲ. ಇತ್ತೀಚೆಗೆ ಓಂಕಾರಪ್ಪ ಬೋರ್ಡು ಬದಲಿಸಿದ್ದ. ‘ದಿನವೂ ಮಿಠಾಯಿ ಕಡಿದರೂ ಲೋಟ ಕಾಣದ ಹಲ್ಲು. ಅನುಮಾನವಿದ್ದರೆ ಗೋಡೆಯವರನ್ನು ಕೇಳಿ.’ ಜನ ಕೇಳುತ್ತಲೂ ಇದ್ದರು. ಟೀಚರ್ ಏನೂ ಹೇಳದೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ನನಗೆ ಅನುಮಾನ ಇತ್ತು. ಯಾಕೆಂದರೆ ಟೀಚರ್ ಆಗಾಗ ಬಂದು ನೋವಿನ ಮಾತ್ರೆ ಕೇಳುತ್ತಿದ್ದರು. “ನನಗಲ್ಲ ಕಣೋ ಸುದರ್ಶನ, ನಮ್ಮ ಹಳೇ ಹೆಡ್‌ಮಿಸ್ಟ್ರೆಸ್ಸಿಗೆ” ಎನ್ನುತ್ತಿದ್ದರು. ಆ ಹೆಡ್‌ಮಿಸ್ಟ್ರೆಸ್ ತೀರಿಕೊಂಡಾಗ ಶಾಲೆಗೆ ರಜೆ ಕೊಟ್ಟಿದ್ದು ನನಗೆ ನೆನಪಿದೆ. “ಟೀಚರ್, ಲೋಟ ಕೊಂಡೊಯ್ಯಬಾರದೇ?” ಎಂದರೆ “ಯಾರ ಮನೆಗೆ? ಯಾತಕ್ಕೆ?” ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆ ನೋಟದ ಮುಂದೆ ನಾನು ಇವತ್ತಿಗೂ ಏಳನೇ ಕ್ಲಾಸು.

ಈಗ ಇಡ್ಲಿಯ ದಿನಕ್ಕೆ ಬರುತ್ತೇನೆ. ಟೀಚರ್ ಕುಳಿತುಕೊಳ್ಳಲಿಲ್ಲ. “ನಿನ್ನೆಯಿಂದ ಟಕ್ ಬಂದಿಲ್ಲ” ಎಂದರು. “ದಿನಾ ಬೆಳಿಗ್ಗೆ ಹಾಲು ಬರೋ ಹೊತ್ತಿಗೆ ಇಲ್ಲಿ ಒಂದು ಟಕ್ ಬರೋದು.” ಬಲಗೆನ್ನೆ ಮುಟ್ಟಿ ತೋರಿಸಿದರು. “ನೆತ್ತಿವರೆಗೂ ಹೋಗೋದು. ನಿನ್ನೆ ಇಲ್ಲ, ಇವತ್ತೂ ಇಲ್ಲ. ಹಲ್ಲು ತಣ್ಣಗೆ ಕೂತಿದೆ.”

“ಯಾರ ಹಲ್ಲು ಟೀಚರ್?” ಎಂದೆ.

“ಹೆಡ್‌ಮಿಸ್ಟ್ರೆಸ್ಸು” ಎಂದರು. ಆಮೇಲೆ ನನ್ನ ಮುಖ ನೋಡಿ, “ತಲೆಹರಟೆ ಮಾಡಬೇಡ. ಯಾರದ್ದು ಅಂತ ಗೊತ್ತಿದ್ದೂ ಕೇಳ್ತೀಯ” ಎಂದರು.

“ಬೇರೆ ಏನಾದರೂ ಆಗ್ತಿದೆಯಾ?”

“ಎಂಜಲು ನುಂಗೋದು ಕಷ್ಟ. ನಾಲಿಗೆ ಕೆಳಗೆ ಯಾರೋ ಮುಷ್ಟಿ ಇಟ್ಟ ಹಾಗೆ.”

ಸಿಸ್ಟರ್ ಎಸ್ತೇರಮ್ಮ ಕೈಯಲ್ಲಿದ್ದ ಪೇಪರು ಮಡಚಿಟ್ಟರು. ಹಲ್ಲು ನೋಯುತ್ತಿರುವವರೆಗೆ ಬದುಕಿದೆ ಎಂದು ಅರ್ಥ. ನೋವು ತಾನಾಗಿ ನಿಂತರೆ ಹಲ್ಲು ಸತ್ತಿದೆ, ಒಳಗಿನ ಕೀವು ದಾರಿ ಹುಡುಕಿಕೊಂಡು ಹೊರಟಿದೆ ಎಂದು ಅರ್ಥ. ಅದು ದವಡೆಯ ಕೆಳಗಿಳಿದು ನಾಲಿಗೆಯನ್ನು ಮೇಲಕ್ಕೆ ತಳ್ಳಿದರೆ ಉಸಿರಿನ ದಾರಿ ಮುಚ್ಚುತ್ತದೆ. ನಮ್ಮ ಕೆಲಸದಲ್ಲಿ ಜೀವ ಹೋಗುವ ಸಂದರ್ಭಗಳು ಕಡಿಮೆ, ಆ ಕಡಿಮೆಯಲ್ಲಿ ಇದೊಂದು. ಸಿಸ್ಟರಿಗೆ ದೊಡ್ಡಾಸ್ಪತ್ರೆಯ ಆಂಬುಲೆನ್ಸಿಗೆ ಫೋನು ಮಾಡಲು ಹೇಳಿ ನಾನು ರಸ್ತೆ ದಾಟಿದೆ. ಅವರ ಜೋಡಿಮನೆ ಕ್ಲಿನಿಕ್ಕಿಗೆ ಎದುರುಬದಿಯಲ್ಲೇ. ಟೀಚರ್ ನನ್ನ ಹಿಂದೆಯೇ ಬಂದವರು ತಮ್ಮ ಮನೆಯ ಗೇಟಿನ ಹತ್ತಿರ ನಿಂತುಬಿಟ್ಟರು.

ಓಂಕಾರಪ್ಪ ಅಂಗಡಿಯಲ್ಲಿ ಕುಳಿತಿದ್ದ. ಗದ್ದದಿಂದ ತಲೆಯ ಮೇಲಕ್ಕೆ ಟವೆಲ್ ಕಟ್ಟಿಕೊಂಡಿದ್ದ. ಟವೆಲ್ಲಿನ ಕೆಳಗೆ ಒಂದು ಬದಿ ತೆಂಗಿನಕಾಯಿ ಹೋಳಿನಷ್ಟು ದಪ್ಪವಾಗಿತ್ತು. ಕಣ್ಣು ಕೆಂಪಾಗಿ, ಕಟಬಾಯಿಯಲ್ಲಿ ಜೊಲ್ಲು ಇಳಿಯುತ್ತಿತ್ತು.

“ಏನ್ರೀ ಇದು?” ಎಂದೆ.

“ಥಂಡಿ ಡಾಕ್ಟ್ರೆ” ಎಂದ. ಬಿಸಿ ಬೋಂಡಾ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗಿತ್ತು ಧ್ವನಿ. “ಒಲೆ ಮುಂದೆ ಕೂತು ಎದ್ದು ಗಾಳಿಗೆ ಬರ್ತೀನಲ್ಲ, ಅದಕ್ಕೆ.”

“ಬಾಯಿ ತೆಗೀರಿ.”

“ಲೋಟ ಎಲ್ಲಿ?”

ನಾನು ಟವೆಲ್ಲಿನ ಮೇಲಿಂದಲೇ ಊತವನ್ನು ಬೆರಳಿನಿಂದ ಒತ್ತಿದೆ. ಕಲ್ಲಿನಂತಿತ್ತು. ಓಂಕಾರಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಗೇಟಿನ ಹತ್ತಿರ ಇಂದುಮತಿ ಟೀಚರ್ ಎರಡೂ ಕೈಯಲ್ಲಿ ಗಲ್ಲ ಹಿಡಿದು ಬಗ್ಗಿದರು. ಅವನು ಅದನ್ನು ನೋಡಿದ. ನಾನು ಇನ್ನೊಮ್ಮೆ ಒತ್ತಿದೆ. ಅವರು ಇನ್ನೊಮ್ಮೆ ಬಗ್ಗಿದರು.

“ಸುದರ್ಶನ, ಸಾಕು” ಎಂದರು ಅಲ್ಲಿಂದಲೇ.

“ನೋಡಿದ್ರಲ್ಲ?” ಎಂದೆ ಅವನಿಗೆ.

“ಟೀಚರಮ್ಮನಿಗೆ ಸೊಂಟ ಹಿಡ್ಕೊಂಡಿರಬೇಕು” ಎಂದ. “ನನ್ನ ಹಲ್ಲು ಕೆಟ್ಟಿದ್ರೆ ಆಯಮ್ಮ ಬಿಡ್ತಿದ್ರಾ? ಮೊದಲನೇ ದಿನಾನೇ ಬ್ಯಾಂಡ್‌ಸೆಟ್ ಕರೆಸ್ಕೊಂಡು ಲೋಟ ತರ್ತಿದ್ರು. ಅಂಥವರು ಸುಮ್ಮನಿದ್ದಾರೆ ಅಂದ್ರೆ ನನ್ನ ಹಲ್ಲು ಚಿನ್ನ. ಬೋರ್ಡು ಸುಮ್ಮನೆ ಹಾಕಿದೀನಾ?”

ಇದು ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು. ಲೋಟ ಬರಲಿಲ್ಲವೆಂದರೆ ಹಲ್ಲು ಗಟ್ಟಿಯಾಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಗೋಡೆಯಾಚೆ ಒಬ್ಬರು ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

“ಇದು ಗಂಟಲಿಗೆ ಇಳಿದರೆ ಉಸಿರು ಕಟ್ಟುತ್ತೆ” ಎಂದೆ.

ಓಂಕಾರಪ್ಪ ಸ್ವಲ್ಪ ಯೋಚಿಸಿದ. “ಯಾರಿಗೆ ಕಟ್ಟುತ್ತೆ? ನನಗೋ, ಅವರಿಗೋ?”

“ಉಸಿರು ಗೋಡೆ ದಾಟಲ್ಲ. ನಿಮಗೇ.”

ಅಷ್ಟರಲ್ಲಿ ಪಕ್ಕದ ಟೈಲರ್ ಖಾಸಿಂ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ನಿಂತಿದ್ದ. ಮಿಠಾಯಿ ಕೊಳ್ಳಲು ಬಂದವರೂ ನಿಂತರು. ಜನ ಸೇರಿದ್ದು ನೋಡಿ ಓಂಕಾರಪ್ಪ ಇನ್ನಷ್ಟು ನೆಟ್ಟಗೆ ಕುಳಿತ. ಲೋಟ ಇಲ್ಲದೆ ಕುರ್ಚಿ ಹತ್ತಿದ ಎಂಬ ಮಾತು ಬಂದರೆ ತಲೆಯೆತ್ತಿ ತಿರುಗುವುದು ಹೇಗೆ ಎಂಬುದು ಅವನ ಕಣ್ಣಲ್ಲಿ ಕಾಣುತ್ತಿತ್ತು. ಆ ನೆಟ್ಟಗೆ ಕುಳಿತದ್ದು ಕೂಡ ನನಗೆ ಹಿಡಿಸಲಿಲ್ಲ. ಒರಗಿದರೆ ಉಸಿರು ಸಿಗದವರು ಹಾಗೆ ಕೂರುತ್ತಾರೆ.

ನಾನು ಟೀಚರ್ ಹತ್ತಿರ ಓಡಿದೆ. “ಟೀಚರ್, ಲೋಟ ತನ್ನಿ. ಈಗಲೇ.”

“ನಾನು ಆ ಕಟ್ಟೆ ಹತ್ತಲ್ಲ ಅಂತ ಹೇಳಿದ್ದೀನಿ. ನೀನೂ ಸಾಲಲ್ಲಿ ನಿಂತಿದ್ದೆ.”

“ಕೇಳಿಸ್ಕೊಂಡವರು ಯಾರಿಗೂ ಈಗ ಅದರ ನೆನಪಿಲ್ಲ.”

“ಭಿನ್ನರಾಶಿ ಮರೆತರೆ ಅದನ್ನೂ ಮರೀತೀರಾ?” ಎಂದರು. ಆದರೆ ಅವರ ಕಣ್ಣು ಅಂಗಡಿಯ ಕಡೆಗೇ ಇತ್ತು. ಎಂಜಲು ನುಂಗಿ ಮುಖ ಹಿಂಡಿದರು.

“ಯಾವಾಗಿನಿಂದ ನೋವು?”

“ಹೋದ ಯುಗಾದಿ.”

ನನಗೆ ಸಿಟ್ಟು ಬಂತು. ಈಗ ದೀಪಾವಳಿ ಹತ್ತಿರ ಬಂದಿತ್ತು. “ಆವತ್ತೇ ಲೋಟ ತಂದಿದ್ದರೆ ಒಂದು ಸಣ್ಣ ಹಲ್ಲಿನ ಕೆಲಸ ಟೀಚರ್. ಊರೆಲ್ಲ ನೀವು ಗೆದ್ದಿರಿ ಅಂತಿತ್ತು. ಅವನ ಮಿಠಾಯಿಯಿಂದ ಅವನ ಹಲ್ಲೇ ಹಾಳಾಯ್ತು ಅಂತ ನೀವೇ ಬೋರ್ಡು ಹಾಕಬಹುದಿತ್ತು. ಯಾಕೆ ಸುಮ್ಮನಿದ್ದಿರಿ?”

ಟೀಚರ್ ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡಿದರು. “ತಂದರೆ ನೀನು ಕೀಳ್ತೀಯ. ಕಿತ್ತರೆ ಟಕ್ ನಿಲ್ಲುತ್ತೆ. ರಿಟೈರಾದ ಮೇಲೆ ಗಂಟೆ ಹೊಡೆಯೋರಿಲ್ಲ, ಸಾಲು ನಿಲ್ಲಿಸೋದಿಲ್ಲ. ಬೆಳಿಗ್ಗೆ ಆ ಟಕ್ ಬಂದಾಗ, ಸರಿ, ಆ ಮನುಷ್ಯ ಎದ್ದ, ಮೊದಲನೇ ತಟ್ಟೆ ಇಳಿಸಿದ ಅಂತ ಗೊತ್ತಾಗೋದು. ಆಮೇಲೆ ನಾನು ಕಾಫಿಗೆ ಇಡೋದು.” ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, “ನಿನ್ನೆಯಿಂದ ಕಾಫಿ ಕುಡಿದಿಲ್ಲ” ಎಂದರು.

“ಲೋಟ ತರದೆ ಹೋದರೆ ತಟ್ಟೆ ಇಳಿಸೋ ಮನುಷ್ಯನೇ ಇರಲ್ಲ ಟೀಚರ್.”

ಅವರು ಒಳಗೆ ಹೋದರು. ನಾನು ಅಂಗಡಿಯ ಕಡೆ ನೋಡಿದೆ. ಓಂಕಾರಪ್ಪ ಈಗ ಎರಡೂ ಕೈಯನ್ನು ಮೊಣಕಾಲಿನ ಮೇಲೂರಿ, ಕತ್ತು ಮುಂದೆ ಚಾಚಿ ಉಸಿರಾಡುತ್ತಿದ್ದ. ಗಂಟಲಲ್ಲಿ ಸಣ್ಣ ಸೀಟಿಯ ಸದ್ದು ಶುರುವಾಗಿತ್ತು. ಸಿಸ್ಟರ್ ಕ್ಲಿನಿಕ್ಕಿನ ಬಾಗಿಲಿಂದ ಕೂಗಿದರು: “ಆಂಬುಲೆನ್ಸ್ ಬರೋದು ತಡ ಆಗುತ್ತಂತೆ ಡಾಕ್ಟ್ರೆ, ಅಲ್ಲೀವರೆಗೂ ನಿಮ್ಮ ಕೈಲಾದ್ದು ಮಾಡಿ ಅಂದ್ರು.” ನಾನು ಆ ಕ್ಷಣ, ಹಿರಿಯರು ಬೇಡ ಯಾರೂ ಬೇಡ, ಇವನನ್ನು ಹೊತ್ತುಕೊಂಡೇ ಹೋಗೋಣ ಎಂದುಕೊಂಡೆ. ಆದರೆ ಅವನು ನನಗಿಂತ ಎರಡರಷ್ಟಿದ್ದ. ಖಾಸಿಂನ ಮುಖ ನೋಡಿದೆ. ಲೋಟ ಬರದೆ ಹೊರುವುದಿಲ್ಲ ಎಂಬ ಮುಖ.

ಟೀಚರ್ ಹೊರಗೆ ಬಂದರು. ಹಿತ್ತಾಳೆ ಲೋಟ ಅಂಚಿನವರೆಗೆ ತುಂಬಿತ್ತು. ಗೇಟು ದಾಟಿದರು, ಅಂಗಡಿಯ ಮುಂದೆ ಬಂದರು. ಕಟ್ಟೆಗೆ ಮೂರೇ ಮೆಟ್ಟಿಲು. ಮೊದಲನೆಯದರ ಮೇಲೆ ಕಾಲಿಡುವಾಗ ಲೋಟ ಅಲುಗಿ ಸೀರೆಯ ಮೇಲೆ ಚೆಲ್ಲಿತು. ಎರಡನೆಯದರಲ್ಲಿ ಓಂಕಾರಪ್ಪನ ಸೀಟಿ ಜೋರಾಯಿತು, ಅವರ ಕೈ ಇನ್ನೂ ನಡುಗಿತು. ಹೊಸ್ತಿಲ ಮೇಲೆ ಲೋಟ ಇಟ್ಟಾಗ ಅದರಲ್ಲಿ ಅರ್ಧದಷ್ಟೂ ಇರಲಿಲ್ಲ.

ಟೈಲರ್ ಖಾಸಿಂ ಬಗ್ಗಿ ಲೋಟದೊಳಗೆ ನೋಡಿದ. “ಅರ್ಧಾನೂ ಇಲ್ಲ. ಬೇಕಿದ್ರೆ ಟೇಪು ಹಿಡೀತೀನಿ” ಎಂದ. ಟೀಚರ್ ಲೋಟ ಮತ್ತೆ ಎತ್ತಿಕೊಳ್ಳಲು ಕೈ ಚಾಚಿದರು. ವಾಪಸ್ ಹೋಗಿ ತುಂಬಿಸಿಕೊಂಡು ಬರುವವರೆಗೆ ಅವನು ಇರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಓಂಕಾರಪ್ಪ ಲೋಟದ ಮೇಲೆ ಅಂಗೈ ಮುಚ್ಚಿದ. ಟೀಚರಿನ ಒದ್ದೆ ಸೀರೆ ನೋಡಿದ, ಅವರ ಕಾಲು ತನ್ನ ಕಟ್ಟೆಯ ಮೇಲಿರುವುದನ್ನು ನೋಡಿದ.

“ತುಂಬಿದೆ” ಎಂದ.

“ಅಣ್ಣಾ, ಅರ್ಧ—” ಎಂದ ಖಾಸಿಂ.

“ನನ್ನ ಮನೆಗೆ ಬಂದ ಲೋಟ. ತುಂಬಿದೆ” ಎಂದು ಎದ್ದು ಚಪ್ಪಲಿ ಹುಡುಕಿದ. ಎಡಗಾಲಿಗೆ ಸಿಕ್ಕಿತು, ಬಲಗಾಲಿಗೆ ಸಿಗುವ ಮೊದಲೇ ಖಾಸಿಂ ಒಂದು ಕಡೆ ನಾನೊಂದು ಕಡೆ ಹಿಡಿದು ರಸ್ತೆ ದಾಟಿಸಿದೆವು.

ಕೀವು ತುಂಬಿದ ದವಡೆಯಲ್ಲಿ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಎಂದು ಪುಸ್ತಕಗಳಲ್ಲಿ ಬರೆದಿದೆ. ನಮ್ಮೂರಲ್ಲಿ ಆ ತೊಂದರೆಯಿಲ್ಲ. ಟೀಚರಿನ ದವಡೆ ಆರೋಗ್ಯವಾಗಿತ್ತು, ಸೊಗಸಾಗಿ ಮರಗಟ್ಟಿತು. ಓಂಕಾರಪ್ಪನನ್ನು ಮಲಗಿಸುವ ಹಾಗಿರಲಿಲ್ಲ, ಹಲ್ಲಿನ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿಯೇ ಕೆಲಸ ಮಾಡಬೇಕಿತ್ತು. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಸಿಸ್ಟರ್ ಅಭ್ಯಾಸದಂತೆ ಅವನ ಕೈಗೆ ಪೇಪರು ಕೊಟ್ಟರು. ಅವನೂ ಅಭ್ಯಾಸದಂತೆ ಬಿಡಿಸಿಕೊಂಡ, ತಲೆಕೆಳಗಾಗಿ.

ಮೊದಲು ದವಡೆಯ ಕೆಳಗೆ ಸಣ್ಣದಾಗಿ ಕೊಯ್ದೆ. ಪಕ್ಕದ ಕುರ್ಚಿಯಿಂದ ಕೈ ಮೇಲೇಳಲಿಲ್ಲ. ಕೀವು ಬಂದ ರಭಸಕ್ಕೆ ಸಿಸ್ಟರ್ ಯೇಸುವೇ ಎಂದು ಹಿಂದೆ ಸರಿದು, ಮತ್ತೆ ಬಟ್ಟಲು ಹಿಡಿದು ಮುಂದೆ ಬಂದರು. ಸೀಟಿಯ ಸದ್ದು ಒಂದು ಸ್ವರ ಕೆಳಗಿಳಿಯಿತು. ಬಾಯಿ ಇನ್ನೊಂದು ಬೆರಳು ತೆರೆಯಿತು. ರಬ್ಬರಿನ ತುಂಡು ಸಿಕ್ಕಿಸಿ ಇಕ್ಕಳ ಹಾಕಿದೆ. ಹಲ್ಲು ಒಳಗೆಲ್ಲ ಟೊಳ್ಳಾಗಿ, ಹೊರಗಿನ ಗೋಡೆ ಮಾತ್ರ ನಿಂತಿತ್ತು. ಜೋರು ಮಾಡಿದರೆ ಪುಡಿಯಾಗುತ್ತಿತ್ತು. ಅಲುಗಾಡಿಸುತ್ತಾ ಹೋದೆ. ಒಂದು ಹಂತದಲ್ಲಿ ಟೀಚರ್ ಕೈ ಎತ್ತಿದರು.

“ನೋವಾಯ್ತಾ?”

“ಇಳ್ಳ” ಎಂದರು ಮರಗಟ್ಟಿದ ತುಟಿಯಲ್ಲಿ. “ಆ ಮನುಷ್ಯಂಗೆ ಏನಾಯ್ತು, ಸದ್ದೇ ಇಳ್ಳ?”

“ಅವರಿಗೆ ಏನೂ ಆಗಿಲ್ಲ ಟೀಚರ್. ಉಸಿರಾಡ್ತಿದ್ದಾರೆ. ಸದ್ದಿಲ್ಲದೆ ಆಡ್ತಿದ್ದಾರೆ, ಅಷ್ಟೇ.”

ಕೈ ಇಳಿಯಿತು. ಹಲ್ಲು ಬಂತು. ಓಂಕಾರಪ್ಪ ಪೇಪರು ನೆಟ್ಟಗೆ ಮಾಡಿಕೊಂಡ. ಆಂಬುಲೆನ್ಸ್ ಬಂದಾಗ ಅವನೇ ನಡೆದು ಹತ್ತಿದ. ಒಂದೇ ಚಪ್ಪಲಿಯಲ್ಲಿ.

ಆಸ್ಪತ್ರೆಯಲ್ಲಿ ಒಂದಷ್ಟು ದಿನ ಡ್ರಿಪ್ ಹಾಕಿ ಇಟ್ಟುಕೊಂಡರು. ಆಸ್ಪತ್ರೆ ಇರುವುದು ಗೇಟಿನ ಆಚೆ. ಅಂದರೆ ಗಾಯದ ನೋವು ಪೂರ್ತಿ ಅವನಿಗೇ. ಹುಟ್ಟಿದಾಗಿನಿಂದ ತನ್ನ ಬಾಯಿಯ ನೋವನ್ನು ಕಂಡವನಲ್ಲ. ಮೊದಲ ರಾತ್ರಿ ವಾರ್ಡಿನಲ್ಲಿ ಯಾರ ಹಲ್ಲು ಇದು, ಯಾರ ಹಲ್ಲು ಎಂದು ಎಲ್ಲರ ಮಂಚದ ಹತ್ತಿರ ಹೋಗಿ ಕೇಳಿದನಂತೆ. ನಿಮ್ಮದೇ ಎಂದು ನರ್ಸು ಹೇಳಿದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದನಂತೆ. ಊರಿಗೆ ಬಂದವನು ಮನೆಗೆ ಹೋಗುವ ಮೊದಲು ನನ್ನಲ್ಲಿಗೆ ಬಂದ.

“ಡಾಕ್ಟ್ರೆ, ಒಂದು ಕೇಳ್ತೀನಿ. ಗಾಯದ್ದೇ ಇಷ್ಟು ನೋವು. ಹಲ್ಲು ಜೀವಂತ ಇದ್ದಾಗ ಇನ್ನೂ ಜಾಸ್ತಿನಾ?”

“ಬಹಳ ಜಾಸ್ತಿ.”

“ನಾನು ದಿನಾ ಮಿಠಾಯಿ ಕಡಿಯೋವಾಗ?”

“ನೆತ್ತಿವರೆಗೆ ಹೋಗ್ತಿತ್ತಂತೆ.”

“ಯುಗಾದಿಯಿಂದ” ಎಂದ. ನನ್ನ ಮೇಜಿನ ಮೇಲಿನ ಪ್ಲಾಸ್ಟಿಕ್ ದವಡೆಯನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಾ ಬಹಳ ಹೊತ್ತು ಕೂತಿದ್ದ. ಅವತ್ತು ಸಂಜೆ ಬೋರ್ಡು ಇಳಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಎಡಗಡೆಯ ಹಲ್ಲಿಗೆ ಹದ ತಿಳಿಯುತ್ತಿರಲಿಲ್ಲ. ಒಂದು ದಿನದ ಮಿಠಾಯಿ ಅಂಟುತ್ತಿತ್ತು, ಮರುದಿನದ್ದನ್ನು ಸುತ್ತಿಗೆಯಲ್ಲಿ ಒಡೆಯಬೇಕಿತ್ತು. ಗೇಟಿನಾಚೆಯ ಗಿರಾಕಿಗಳು ಮುಖ ತಿರುಗಿಸಿದರು. ಆಗ ಒಂದು ಬೆಳಿಗ್ಗೆ ಹಿತ್ತಿಲ ಕಾಂಪೌಂಡಿನ ಮೇಲಿಂದ ಇಂದುಮತಿ ಟೀಚರ್ ಕೈ ಚಾಚಿ, “ಒಂದು ಚೂರು ಕೊಡಿ ಇಲ್ಲಿ” ಎಂದರಂತೆ. ಬಲಗಡೆ ಇಟ್ಟು ಕಡಿದು, “ಮೆತ್ತಗಿದೆ. ಇನ್ನೊಂದು ಕುದಿ” ಎಂದರಂತೆ. ಅಲ್ಲಿಂದ ದಿನಾ ಅದೇ ನಡೆಯಿತು. ನಾನು ಕೇಳಿದರೆ, “ತಿನ್ನೋದಲ್ಲ ಕಣೋ, ತಪಾಸಣೆ” ಎನ್ನುತ್ತಿದ್ದರು. ಮಿಠಾಯಿ ಮೊದಲಿಗಿಂತ ಚೆನ್ನಾಗಿ ಬರತೊಡಗಿತು. ಲೆಕ್ಕದ ಟೀಚರ್ ಅಲ್ಲವೇ, ಹದದಲ್ಲಿ ರಿಯಾಯಿತಿ ಇರಲಿಲ್ಲ.

ಮುಂದಿನ ಮಾವಿನ ಕಾಲಕ್ಕೆ ಓಂಕಾರಪ್ಪ ಕ್ಲಿನಿಕ್ಕಿಗೆ ಬಂದ. ಕೆನ್ನೆ ಮೇಲೆ ಕೈ.

“ನೋವಿನ ಮಾತ್ರೆ ಬೇಕಿತ್ತು ಡಾಕ್ಟ್ರೆ. ನನಗಲ್ಲ, ನಮ್ಮ ದೊಡ್ಡಪ್ಪನಿಗೆ.”

ಅವನ ದೊಡ್ಡಪ್ಪ ಯಾರೆಂದು ನಾನು ಕೇಳಲಿಲ್ಲ. “ಬೆಳಿಗ್ಗೆ ಹಾಲು ಬರೋ ಹೊತ್ತಿಗೆ ಬರುತ್ತಾ?” ಎಂದೆ.

ಅವನ ಮುಖ ಬೆಳಗಿತು. “ಕರೆಕ್ಟಾಗಿ. ಈಗ ಅವರು ಕಾಂಪೌಂಡಿನಿಂದ ಕೂಗೋದೇ ಬೇಡ ಡಾಕ್ಟ್ರೆ. ಅವರು ಅಲ್ಲಿ ಕಡಿದರೆ ನನಗಿಲ್ಲಿ ಟಕ್ ಅನ್ನುತ್ತೆ. ಟಕ್ ಅಂದ್ರೆ ತಟ್ಟೆ ಇಳಿಸ್ತೀನಿ.”

“ಸಣ್ಣ ಹುಳುಕು ಇರಬೇಕು. ಈಗಲೇ ಬಂದರೆ ಕೀಳೋದೂ ಬೇಡ, ತುಂಬಿಬಿಡಬಹುದು.”

“ತುಂಬಿದ್ರೆ ನೋವು ಹೋಗುತ್ತಾ?”

“ಪೂರ್ತಿ.”

“ಹಂಗಾದ್ರೆ ಬೇಡ ಬಿಡಿ.”

ಸಿಸ್ಟರ್ ಎಸ್ತೇರಮ್ಮ ಒಳಗೆ ಹೋಗಿ ಹಿತ್ತಾಳೆ ಲೋಟದ ತುಂಬ ಉಪ್ಪುನೀರು ತಂದು ಅವನ ಮುಂದಿಟ್ಟರು. ಅವನು ಲೋಟವನ್ನು ನೋಡಿದ. ದವಡೆಯ ಕೆಳಗೆ ನಾನು ಕೊಯ್ದ ಕಲೆಯನ್ನು ಬೆರಳಿನಿಂದ ಮುಟ್ಟಿಕೊಂಡ. ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ.

ಕಿಟಕಿಯಿಂದ ನೋಡುತ್ತಿದ್ದೆ. ರಸ್ತೆಯ ಮಧ್ಯದವರೆಗೆ ಒಂದು ಹನಿ ಚೆಲ್ಲದೆ ಹೋದ. ಅಲ್ಲಿ ನಿಂತು, ಸುತ್ತ ನೋಡಿ, ಒಂದು ಗುಟುಕು ಕುಡಿದ. ಮುಖ ಹಿಂಡಿದ. ಇನ್ನೊಂದು ಗುಟುಕು ಕುಡಿದ. ಲೋಟ ಕಮ್ಮಿಯಿದ್ದರೆ ಟೀಚರ್ ತುಂಬಿಸಿಕೊಂಡು ಬಾ ಎಂದು ಕಳಿಸುತ್ತಾರೆ, ಇವತ್ತಿನ ಮಟ್ಟಿಗೆ ತಪ್ಪುತ್ತದೆ, ನಾಳೆ ಬೆಳಿಗ್ಗೆ ಇನ್ನೊಂದು ಟಕ್ ಸಿಗುತ್ತದೆ ಎಂದು ಅವನ ಎಣಿಕೆ. ಅವರ ಬಾಗಿಲು ತಲುಪುವಷ್ಟರಲ್ಲಿ ಲೋಟವನ್ನು ಪೂರ್ತಿ ಬಗ್ಗಿಸಿ ಕುಡಿಯುತ್ತಿದ್ದ. ಹೊಸ್ತಿಲ ಮೇಲಿಟ್ಟ. ಟೀಚರ್ ಬಂದು ಲೋಟದೊಳಗೆ ನೋಡಿದರು. ಅವನನ್ನು ನೋಡಿದರು. ಕನ್ನಡಕದ ಮೇಲಿಂದ.

ಆಮೇಲೆ ಬಾಗಿಲಿಗೆ ಬೀಗ ಹಾಕಿ, ಲೋಟ ಎತ್ತಿಕೊಂಡು ಅವನ ಮುಂದೆ ಮುಂದೆ ನಡೆದು ಬಂದರು. ನನ್ನ ಮೇಜಿನ ಮೇಲೆ ಲೋಟ ಇಟ್ಟರು. ತಳದಲ್ಲಿ ಕರಗದೆ ಉಳಿದ ಒಂದು ಚಿಟಿಕೆ ಉಪ್ಪು ಬಿಟ್ಟರೆ ಏನೂ ಇರಲಿಲ್ಲ.

“ತುಂಬಿದೆ” ಎಂದರು. “ಯಾವ ಕುರ್ಚಿ?”

ಈ ಸಲ ಅವರು ಹಲ್ಲಿನ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿಕೊಂಡರು. ಓಂಕಾರಪ್ಪ ನೋವಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆದ. ನಾನು ಸಿರಿಂಜು ಹಿಡಿದು ಬಗ್ಗಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡ. ಟೀಚರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ:

“ತುಂಬೋವಾಗ ಒಂದು ಚೂರು ಬಿಡಿ ಡಾಕ್ಟ್ರೆ. ಹದ ಗೊತ್ತಾಗೋಷ್ಟು.”